ಒಂದು ಕಂಬಳಿ, ಮೂರು ಪದರ

ದೂರದ ಬೆಟ್ಟಗಳಿಗೆ ಚಾರಣ ಹೊರಡುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಒಂದು ಪ್ರಶ್ನೆ ಕೇಳುತ್ತಿರುತ್ತಾರೆ: ಚಳಿಯನ್ನೂ ತಡೆಯಬೇಕು, ಬೆನ್ನಿನ ಹೊರೆಯೂ ಹಗುರವಾಗಿರಬೇಕು, ಅಂಥ ಬಟ್ಟೆ ಯಾವುದು? ಮಂಡ್ಯ ಸೀಮೆಯ ನಿವೃತ್ತ ಮೇಷ್ಟರೊಬ್ಬರನ್ನು ಕೇಳಬಹುದಾದ ಪ್ರಶ್ನೆ ಇದಲ್ಲವೆಂದು ಮೇಲುನೋಟಕ್ಕೆ ತೋರಬಹುದು. ನಮ್ಮದು ಕಬ್ಬು ಭತ್ತಗಳ ಬಯಲು. ಹಿಮ ಬೀಳುವ ನಾಡಲ್ಲ. ಆದರೆ ನಮ್ಮದು ದಾರಿಗಳ ನಾಡೂ ಹೌದು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೆಯ ದಾರಿ ಮದ್ದೂರು ಮಂಡ್ಯಗಳನ್ನು ಹಾದುಹೋಗುತ್ತದೆ. ಮಳವಳ್ಳಿಯಿಂದ ತೆಂಕಣಕ್ಕೆ ಹೊರಟ ದಾರಿ ಕಾವೇರಿಯನ್ನು ದಾಟಿ ಕೊಳ್ಳೇಗಾಲ, ಹನೂರುಗಳ ಮೂಲಕ ಮಲೆ ಮಹದೇಶ್ವರ ಬೆಟ್ಟವನ್ನು ಮುಟ್ಟುತ್ತದೆ. ಈ ದಾರಿಗಳಲ್ಲಿ ನೂರಾರು ವರ್ಷ ಜನ ನಡೆದಿದ್ದಾರೆ. ನಡೆಯುವವನು ಏನನ್ನು ತೊಡಬೇಕು, ಏನನ್ನು ಹೊರಬೇಕು ಎಂಬ ಪ್ರಶ್ನೆ ಅವರೆಲ್ಲರಿಗೂ ಎದುರಾಗಿತ್ತು. ಅವರು ಕಂಡುಕೊಂಡ ಉತ್ತರದಿಂದಲೇ ಇಂದಿನವರ ಪ್ರಶ್ನೆಯನ್ನು ನೋಡಬಹುದೆಂದು ನನಗೆ ಅನ್ನಿಸುತ್ತದೆ.

ಮೊದಲು ಆ ಉತ್ತರವನ್ನು ಕಾಣದೆ ನಡೆದವರ ಮಾತು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೇನೆಗೂ ಟಿಪ್ಪು ಸುಲ್ತಾನನ ಸೇನೆಗೂ ಮಳವಳ್ಳಿಯಲ್ಲಿ ಯುದ್ಧವಾಯಿತೆಂಬುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ನಮ್ಮ ಕಡೆ ಮಾರ್ಚ್ ಕೊನೆಯ ಬಿಸಿಲು ಹೇಗಿರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ಐರೋಪ್ಯ ಸೈನಿಕರು ಮೈಗೆ ಬಿಗಿಯಾದ ಕೆಂಪು ಉಣ್ಣೆಯ ಕೋಟು ತೊಟ್ಟು ನಡೆದಿದ್ದರು. ಇಂಗ್ಲೆಂಡಿನ ಹವೆಗೆ ಹೊಲಿದ ಬಟ್ಟೆ ಅದು. ಉಣ್ಣೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಡೆಯುವಾಗ ಬಿಚ್ಚಿಡಲಾಗದ ಉಣ್ಣೆ ಕೆಟ್ಟದ್ದು. ಅದೇ ಊರಿನ ಕುರಿ ಕಾಯುವವನ ಬಳಿಯೂ ಉಣ್ಣೆ ಇತ್ತು. ಹಗಲಿನಲ್ಲಿ ಅದು ಅವನ ಹೆಗಲ ಮೇಲಿತ್ತು, ರಾತ್ರಿ ಮಾತ್ರ ಮೈಮೇಲೆ ಬರುತ್ತಿತ್ತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಬಹುಪಾಲು ಈ ವ್ಯತ್ಯಾಸದಲ್ಲೇ ಅಡಗಿದೆ.

ಆ ಯುದ್ಧ ಮುಗಿದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ದೂರು ಮಂಡ್ಯಗಳ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಬಂದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಬೆಳೆ ಯಾವುದು, ಕಸುಬು ಯಾವುದು ಎಂದು ತಿಳಿದು ಬರೆಯುವುದು ಅವನಿಗೆ ಒಪ್ಪಿಸಿದ ಕೆಲಸ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಮೈಸೂರು ಸೀಮೆಯ ಕುರುಬರ ಕುರಿಸಾಕಣೆಯೂ ಕಂಬಳಿ ನೇಯ್ಗೆಯೂ ದಾಖಲಾಗಿವೆ. ರಾಜಮಹಾರಾಜರ ಕಥೆಗಳ ನಡುವೆ ಕಂಬಳಿಗೆ ಒಂದಿಷ್ಟು ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಆ ಕಂಬಳಿ ಹೇಗೆ ಸಿದ್ಧವಾಗುತ್ತಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಬೇಕು. ಕುರಿಯ ತುಪ್ಪಟವನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ ಹಗುರ ಮಾಡಿ, ಹೆಂಗಸರು ನೂಲು ತೆಗೆಯುತ್ತಿದ್ದರು. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿ, ಗಂಡಸರು ಗುಳಿಮಗ್ಗದಲ್ಲಿ ಕುಳಿತು ನೇಯುತ್ತಿದ್ದರು. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಕಿರಲಿಲ್ಲ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ಸಣ್ಣ ಮಳೆಯನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಹೊಸ ಕಂಬಳಿ ಮೈಗೆ ಚುಚ್ಚುತ್ತಿತ್ತು, ವಾಸನೆಯೂ ಇರುತ್ತಿತ್ತು. ಆದರೆ ಒಮ್ಮೆ ಕೊಂಡರೆ ಬಹುಕಾಲ ಬಾಳುತ್ತಿತ್ತು.

ನಮ್ಮ ಸೀಮೆಯವರು ಗಮನಿಸಬೇಕಾದ ಒಂದು ಸ್ವಾರಸ್ಯ ಇಲ್ಲಿದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಕುರಿ ಇಂದು ದೇಶಕ್ಕೆಲ್ಲ ಪರಿಚಿತ. ಮಂಡ್ಯ ತಳಿ ಎಂದೂ ಅದನ್ನು ಕರೆಯುತ್ತಾರೆ. ಗಿಡ್ಡ ಕಾಲು, ದುಂಡು ಮೈ, ಹಿಂದಿನಿಂದ ನೋಡಿದರೆ ಕವುಚಿಟ್ಟ ಕಮಾನಿನಂಥ ಆಕಾರ. ಅದನ್ನು ಕಾಪಾಡಲೆಂದು ಅದೇ ತಾಲ್ಲೂಕಿನ ಧನಗೂರಿನಲ್ಲಿ ಕುರಿ ಸಂವರ್ಧನಾ ಕೇಂದ್ರವೂ ಇದೆ. ಆದರೆ ಈ ಕುರಿಯ ಕೀರ್ತಿಯೆಲ್ಲ ಅದರ ಮಾಂಸದ್ದು. ಅದರ ಮೈಮೇಲಿರುವುದು ಒರಟು ಕೂದಲೇ ಹೊರತು ನೇಯ್ಗೆಗೆ ಒದಗುವ ಒಳ್ಳೆಯ ಉಣ್ಣೆಯಲ್ಲ. ಕಂಬಳಿಗೆ ಹೆಸರಾದದ್ದು ಚಿತ್ರದುರ್ಗ, ಚಳ್ಳಕೆರೆಗಳ ಒಣಸೀಮೆ. ಅಲ್ಲಿನ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿಮಾಡಿಸಿದಂಥದು. ಕುರಿಗೆ ಪ್ರಸಿದ್ಧವಾದ ನಮ್ಮ ತಾಲ್ಲೂಕಿನ ಮಂದಿ ಒಳ್ಳೆಯ ಕಂಬಳಿ ಬೇಕಾದರೆ ಜಾತ್ರೆಯಲ್ಲೋ ಸಂತೆಯಲ್ಲೋ ಬೇರೆ ಸೀಮೆಯದನ್ನು ಕೊಳ್ಳಬೇಕಾಗಿತ್ತು. ಆದ್ದರಿಂದಲೇ ಅದು ಬೆಲೆಯುಳ್ಳ ವಸ್ತು. ಬಡವರ ಮನೆಯಲ್ಲಿ ಒಂದೇ ಕಂಬಳಿ. ಅದರಡಿಯಲ್ಲಿ ಇಬ್ಬರು, ಕೆಲವೊಮ್ಮೆ ಮೂವರು.

ಆ ಒಂದೇ ಕಂಬಳಿ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದನ್ನು ಕಾಣಬೇಕಾದರೆ ಮಾದಪ್ಪನ ಪರಸೆಯನ್ನು ನೋಡಬೇಕಾಗಿತ್ತು. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಜನ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮದ್ದೂರಿನ ಕಡೆಯಿಂದ ಹೊರಟವರಿಗೆ ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ. ಕೊಳ್ಳೇಗಾಲ ದಾಟಿ, ಹನೂರು, ಕೌದಳ್ಳಿ ಹಾದು, ತಾಳಬೆಟ್ಟದಿಂದ ಕಾಡಿನ ಏರು. ಶಿವರಾತ್ರಿಯ ಹೊತ್ತಿಗೆ ಹಗಲು ನೆತ್ತಿ ಸುಡುತ್ತದೆ, ಕಾಡಿನಲ್ಲಿ ಬೆಳಗಿನ ಜಾವ ಮೈ ನಡುಗುತ್ತದೆ. ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ. ಒದ್ದೆಯ ಜೊತೆಗೆ ಚಳಿ. ಒಂದೇ ನಡಿಗೆಯಲ್ಲಿ ಎರಡು ಋತುಗಳನ್ನು ಎದುರಿಸಬೇಕಾದ ದಾರಿ ಅದು.

ನನ್ನ ಬಾಲ್ಯದಲ್ಲಿ ಊರ ಮುಂದೆ ಹಾದುಹೋಗುತ್ತಿದ್ದ ಪರಸೆಯವರ ಹೊರೆಯನ್ನು ನೆನೆದರೆ ಈಗಲೂ ಮೆಚ್ಚುಗೆಯಾಗುತ್ತದೆ. ಉಟ್ಟ ಪಂಚೆ, ತೊಟ್ಟ ತೆಳು ಹತ್ತಿಯ ಅಂಗಿ, ತಲೆಗೆ ವಲ್ಲಿ, ಗಂಟಿನಲ್ಲಿ ಇನ್ನೊಂದು ಒಣಪಂಚೆ, ಹುರಿಹಿಟ್ಟು ಅಥವಾ ರೊಟ್ಟಿಯ ಬುತ್ತಿ, ಹೆಗಲ ಮೇಲೆ ಮಡಿಸಿದ ಕಂಬಳಿ. ಅಷ್ಟೆ. ನಡೆಯುವಾಗ ಯಾರೂ ಕಂಬಳಿ ಹೊದೆಯುತ್ತಿರಲಿಲ್ಲ. ಹೊತ್ತಿಗೆ ಮೊದಲೇ ಎದ್ದು ಹೊರಡುವಾಗ ಚಳಿಯಿದ್ದರೂ "ನಾಲ್ಕು ಹೆಜ್ಜೆ ಹಾಕಿದರೆ ಬೆಚ್ಚಗಾಗುತ್ತದೆ" ಎನ್ನುತ್ತಿದ್ದರು. ತಂಗಿದ ಕೂಡಲೇ ಬೆವರಿನ ಅಂಗಿ ಕಳಚಿ, ಒಣಬಟ್ಟೆ ಸುತ್ತಿ, ಅದರ ಮೇಲೆ ಕಂಬಳಿ ಹೊದೆಯುತ್ತಿದ್ದರು. ಮಳೆ ಬಂದರೆ ಅದೇ ಕಂಬಳಿ ತಲೆಯ ಮೇಲೆ ಕೊಪ್ಪೆಯಾಗುತ್ತಿತ್ತು; ನೆಲ ತಣ್ಣಗಿದ್ದರೆ ಅದೇ ಹಾಸಿಗೆಯಾಗುತ್ತಿತ್ತು. ಊರಿನಲ್ಲಿ ನ್ಯಾಯ ಸೇರಿದಾಗ ಹಿರಿಯರಿಗೆ ಹಾಸುತ್ತಿದ್ದುದೂ ಕಂಬಳಿಯೇ. ಕಂಬಳಿ ಇಲ್ಲದವರು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತುರುಕಿ ಕೊಪ್ಪೆ ಮಾಡಿಕೊಳ್ಳುತ್ತಿದ್ದರು. ರಸಗೊಬ್ಬರ ಬಂದ ಮೇಲೆ ಯೂರಿಯಾ ಚೀಲದ ಪ್ಲಾಸ್ಟಿಕ್ಕು ಅದರ ಜಾಗಕ್ಕೆ ಬಂತು. ಕಂಬಳಿಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಡೆದವನನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು. ಇಂದಿನ ಚಾರಣದ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುವುದು ಇದೇ ಏರ್ಪಾಟನ್ನು: ಒಳಗೆ ಬೆಚ್ಚನೆಯದು, ಹೊರಗೆ ನೀರು ಗಾಳಿ ತಡೆಯುವುದು.

ಈಗ ಇದರ ಹಿಂದಿರುವ ವಿಜ್ಞಾನ. ಬಟ್ಟೆ ನಮ್ಮನ್ನು ಬಿಸಿ ಮಾಡುವುದಿಲ್ಲ. ಬಿಸಿ ಹುಟ್ಟುವುದು ನಮ್ಮ ಮೈಯಲ್ಲಿ. ಅದು ಹೊರಗೆ ಹೋಗದಂತೆ ತಡೆಯುವುದಷ್ಟೇ ಬಟ್ಟೆಯ ಕೆಲಸ. ಆ ತಡೆಯುವ ಕೆಲಸವನ್ನು ಕೂಡ ಬಹುಮಟ್ಟಿಗೆ ಮಾಡುವುದು ದಾರವಲ್ಲ, ದಾರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಇದನ್ನು ಪ್ರಯೋಗಗಳಿಂದ ತೋರಿಸಿದವನು ಬೆಂಜಮಿನ್ ಥಾಮ್ಸನ್. ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದವನು. ಅಮೆರಿಕದಲ್ಲಿ ಹುಟ್ಟಿ ಬವೇರಿಯದ ಸೇವೆಗೆ ಸೇರಿದ ಅವನು ಸೈನಿಕರಿಗೆ ಎಂಥ ಬಟ್ಟೆ ಒಳ್ಳೆಯದೆಂದು ತಿಳಿಯಲು ಉಣ್ಣೆ, ರೇಷ್ಮೆ, ಹತ್ತಿ, ತುಪ್ಪಳ, ಪುಕ್ಕಗಳನ್ನು ಪರೀಕ್ಷಿಸಿದ. ಶಾಖದ ಬಗೆಗಿನ ಈ ಕೆಲಸಕ್ಕೆ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿದ್ದು 1792ರಲ್ಲಿ. ಕಾರ್ನ್‌ವಾಲೀಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನೊಡನೆ ಒಪ್ಪಂದ ಮಾಡಿಕೊಂಡ ವರ್ಷವೂ ಅದೇ. ಸೈನಿಕನ ಬಟ್ಟೆಯ ಗುಟ್ಟು ಅಲ್ಲಿ ಬಯಲಾದ ಏಳು ವರ್ಷಗಳ ಮೇಲೂ ಇಲ್ಲಿ ಮಳವಳ್ಳಿಯ ಬಿಸಿಲಿನಲ್ಲಿ ಸೈನಿಕರು ಕೆಂಪು ಉಣ್ಣೆಯೊಳಗೆ ಬೇಯುತ್ತಿದ್ದರು.

ಗಾಳಿ ನಿಲ್ಲಬೇಕೆಂಬುದು ಮೊದಲ ನಿಯಮವಾದರೆ, ಒಣಗಿರಬೇಕೆಂಬುದು ಎರಡನೆಯದು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆಯ ಸಂದಿನಲ್ಲಿ ಗಾಳಿಯಿದ್ದ ಜಾಗಕ್ಕೆ ಬೆವರೋ ಮಳೆಯೋ ಸೇರಿಕೊಂಡರೆ ಮೈಯ ಬಿಸಿ ಸೋರಿಹೋಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಗುಂಗುರಾದ ಎಳೆಗಳು ಒಂದಕ್ಕೊಂದು ಅಂಟದೆ ಗಾಳಿಯನ್ನು ಉಳಿಸಿಕೊಳ್ಳುತ್ತವೆ. ಹತ್ತಿ ಹಾಗಲ್ಲ. ಬೆವರನ್ನು ಕುಡಿದು, ಮೈಗೆ ಅಂಟಿ, ನಿಧಾನವಾಗಿ ಒಣಗುತ್ತದೆ. ಬಯಲುಸೀಮೆಯ ಹಗಲಿಗೆ ಇದೇ ವರ. ಆರುವ ಬೆವರು ಮೈಯನ್ನು ತಂಪು ಮಾಡುತ್ತದೆ. ಎತ್ತರದ ಬೆಟ್ಟದ ಗಾಳಿಯಲ್ಲಿ ಇದೇ ಶಾಪ. ಪರಸೆಯ ಹಿರಿಯರು ತಂಗಿದ ಕೂಡಲೇ ಅಂಗಿ ಕಳಚುತ್ತಿದ್ದುದು ಇದಕ್ಕಾಗಿ. ಅವರಿಗೆ ರಮ್‌ಫೋರ್ಡ್ ಗೊತ್ತಿರಲಿಲ್ಲ, ಒದ್ದೆ ಅಂಗಿಯ ನಡುಕ ಗೊತ್ತಿತ್ತು.

ಇನ್ನೊಂದು ನೂಲನ್ನು ಮರೆಯಬಾರದು. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಮದ್ದೂರು, ಮಳವಳ್ಳಿಗಳ ಹೊಲಗಳಲ್ಲಿ ಹಿಪ್ಪುನೇರಳೆಯಾಗಿ ಹಬ್ಬಿತು. ಎಷ್ಟೋ ಮಕ್ಕಳ ಶಾಲೆಯ ಖರ್ಚು ರೇಷ್ಮೆಗೂಡು ಮಾರಿದ ಹಣದಿಂದ ನಡೆದದ್ದನ್ನು ನಾನೇ ಕಂಡಿದ್ದೇನೆ. ನಮಗೆ ರೇಷ್ಮೆಯೆಂದರೆ ಮದುವೆಯ ಸೀರೆ. ಅದು ಹಗುರವೂ ಬೆಚ್ಚನೆಯದೂ ಆದ ಒಳಉಡುಪು ಆಗಬಲ್ಲದೆಂಬ ಯೋಚನೆ ಹುಳು ಸಾಕಿದವರಿಗೆ ಬರುವ ಹಾಗಿರಲಿಲ್ಲ. ಅವರು ಸಾಕಿದ ಗೂಡು ಅವರ ಮೈಮೇಲೆ ಬಟ್ಟೆಯಾಗಿ ಬರುತ್ತಿದ್ದುದೇ ಅಪರೂಪ.

ಆದರೆ ಹಾಗೆ ತೊಟ್ಟವರು ಬೇರೆಡೆ ಇದ್ದರು. 1924ರಲ್ಲಿ ಎವರೆಸ್ಟ್ ಏರಲು ಹೋಗಿ ಮರಳಿ ಬಾರದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಪತ್ತೆಯಾಯಿತು. ಅವನ ಮೈಮೇಲಿದ್ದುದು ಒಂದು ದಪ್ಪ ಕೋಟಲ್ಲ. ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ತೆಳು ಪದರಗಳು, ಹೊರಗೆ ಗಾಳಿ ತಡೆಯುವ ಬಿಗಿ ನೇಯ್ಗೆಯ ಗ್ಯಾಬರ್ಡೀನ್. ಆ ಚೂರುಗಳನ್ನು ಪರೀಕ್ಷಿಸಿ ಅದೇ ಮಾದರಿಯಲ್ಲಿ ಬಟ್ಟೆ ಹೊಲಿಸಿ, 2006ರಲ್ಲಿ ಎವರೆಸ್ಟಿನ ಬುಡದ ಪ್ರದೇಶದಲ್ಲಿ ತೊಟ್ಟು ನೋಡಿದರು. ಅದು ಹಗುರವಾಗಿತ್ತು, ಕೈಕಾಲು ಆಡಿಸಲು ಅಡ್ಡಿಯಿರಲಿಲ್ಲ, ನಡೆಯುತ್ತಿರುವವರೆಗೆ ಸಾಕಷ್ಟು ಬೆಚ್ಚಗಿತ್ತು. ಆದರೆ ಬಯಲಿನಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ಸಾಲದು ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಅವನಿಗಿಂತ ಎರಡು ವರ್ಷ ಮೊದಲು, 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞ ಬಲೂನಿನ ಬಟ್ಟೆಯೊಳಗೆ ಬಾತುಕೋಳಿಯ ಮೃದುಪುಕ್ಕ ತುಂಬಿಸಿದ ಕೋಟು ಹೊಲಿಸಿಕೊಂಡು ಹೋಗಿದ್ದ. ಮೊದಲು ಸಂಗಾತಿಗಳು ನಕ್ಕರು. ಚಳಿ ಹೆಚ್ಚಿದ ಮೇಲೆ ನಗು ನಿಂತಿತು. ನಡೆಯುವಾಗಿನ ತೆಳು ಪದರಗಳು ಮ್ಯಾಲರಿಯವು, ನಿಂತಾಗಿನ ದಪ್ಪ ಪುಕ್ಕದ ಕೋಟು ಫಿಂಚ್‌ನದು. ಇವೆರಡೂ ಒಬ್ಬನ ಬಳಿಯೇ ಸೇರಿದಾಗ ಇಂದಿನ ಚಾರಣಿಗನ ಚೀಲ ಸಿದ್ಧವಾಯಿತು.

ಮುಂದಿನದು ಕಾರ್ಖಾನೆಯ ಕಥೆ. 1930ರ ದಶಕದಲ್ಲಿ ನೈಲಾನ್ ಬಂತು. 1969ರಲ್ಲಿ ಬಾಬ್ ಗೋರ್ ಕಂಡುಕೊಂಡ ಪೊರೆ ಮಳೆಯ ಹನಿಯನ್ನು ಒಳಗೆ ಬಿಡದೆ ಬೆವರಿನ ಆವಿಯನ್ನು ಹೊರಗೆ ಬಿಡುವಂಥದು. ಅದರಿಂದ ಗೋರ್‌ಟೆಕ್ಸ್ ಬಟ್ಟೆ ಹುಟ್ಟಿತು. 1979ರ ಸುಮಾರಿಗೆ ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ ಪಾಲಿಯೆಸ್ಟರ್ ನೂಲನ್ನು ಉಣ್ಣೆಯಂತೆ ಉಬ್ಬಿಸಿ ಫ್ಲೀಸ್ ಎಂಬ ಬಟ್ಟೆ ಮಾಡಿತು. ಕುರಿಯಿಲ್ಲದ ಕಂಬಳಿ ಎಂದು ಅದನ್ನು ಕರೆಯಬಹುದು. ಅದು ನೀರನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ಆದರೆ ಗಾಳಿ ಅದರೊಳಗೆ ಸರಾಗವಾಗಿ ನುಗ್ಗುತ್ತದೆ, ಕಿಡಿ ಬಿದ್ದರೆ ಕರಗುತ್ತದೆ. ಕಾಡಿನಲ್ಲಿ ಬೆಂಕಿಯ ಪಕ್ಕ ಮಲಗಿದವನಿಗೆ ಕಂಬಳಿ ಕೊಡುತ್ತಿದ್ದ ಧೈರ್ಯವನ್ನು ಅದು ಕೊಡಲಾರದು.

ಇಷ್ಟೆಲ್ಲ ಏಕೆ ಬರೆದೆನೆಂದರೆ, ಬಟ್ಟೆಯ ಈ ಮಾತು ಕೆಲವೊಮ್ಮೆ ಜೀವದ ಮಾತಾಗುತ್ತದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬಲ್ಲಿಗೆ ಕರ್ನಾಟಕದಿಂದ ಚಾರಣ ಹೋಗಿದ್ದ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರು ಅನನುಭವಿಗಳೆಂದಾಗಲಿ, ಅವರ ಸಿದ್ಧತೆ ಸಾಲದಾಗಿತ್ತೆಂದಾಗಲಿ ಮನೆಯಲ್ಲಿ ಕುಳಿತು ಹೇಳುವ ಹಕ್ಕು ನನಗಿಲ್ಲ. ಅಂಥ ಗಾಳಿಯ ಎದುರು ಎಷ್ಟು ಸಿದ್ಧತೆಯೂ ಸಾಲದೆ ಹೋಗಬಹುದು. ಆದರೆ ಜೂನ್ ಎಂದರೆ ಬೇಸಿಗೆ ಎಂಬ ನಮ್ಮ ಬಯಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲವೆಂಬುದನ್ನು ಮಾತ್ರ ಪ್ರತಿಯೊಬ್ಬರೂ ಮನಸ್ಸಿನಲ್ಲಿಡಬೇಕು. ಸಾವಿರ ಮೀಟರ್ ಏರಿದರೆ ಸಾಮಾನ್ಯವಾಗಿ ಉಷ್ಣಾಂಶ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಮಂಡ್ಯ ಇರುವುದು ಸುಮಾರು 680 ಮೀಟರ್ ಎತ್ತರದಲ್ಲಿ. ನಮ್ಮ ಕುಮಾರಪರ್ವತ 1712 ಮೀಟರ್. ಅಲ್ಲಿಗೇ ಆರೇಳು ಡಿಗ್ರಿ ಕಡಿಮೆಯಾಯಿತು. ನಾಲ್ಕು ಸಾವಿರ ಮೀಟರ್ ದಾಟಿದರೆ ಇಪ್ಪತ್ತು ಡಿಗ್ರಿಗೂ ಮೀರಿದ ಅಂತರ. ಅದರ ಮೇಲೆ ಗಾಳಿ, ಅದರ ಮೇಲೆ ಒದ್ದೆ.

ಹಾಗಾದರೆ ಹೊರಡುವವರು ಏನನ್ನು ಒಯ್ಯಬೇಕು? ಪರಸೆಯವರ ಗಂಟನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೈಗೆ ತಾಗುವ ಒಳಪದರ ತೆಳು ಉಣ್ಣೆಯದೋ ರೇಷ್ಮೆಯದೋ ಪಾಲಿಯೆಸ್ಟರಿನದೋ ಆಗಿರಲಿ. ಹಿಮದ ಬೆಟ್ಟಕ್ಕೆ ಹತ್ತಿಯ ಬನಿಯನ್ ಬೇಡ. ಅದರ ಮೇಲೆ ತೆಳುವಾದ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರು. ಹೊರಗೆ ಗಾಳಿ ಮಳೆ ತಡೆಯುವ, ಟೋಪಿಯುಳ್ಳ ಅಂಗಿ. ಅದು ನಮ್ಮ ಕೊಪ್ಪೆ. ಈ ಮೂರೂ ಸೇರಿ ಒಂದು ಕಿಲೋದ ಆಸುಪಾಸಿನಲ್ಲಿ ಮುಗಿಯುತ್ತವೆ. ದಪ್ಪ ಕಂಬಳಿಯೊಂದೇ ಅದಕ್ಕಿಂತ ಹೆಚ್ಚು ತೂಗುತ್ತಿತ್ತು. ಇವುಗಳ ಜೊತೆಗೆ, ನಿಂತಾಗ ಮತ್ತು ರಾತ್ರಿ ತೊಡಲು, ಪುಕ್ಕದ್ದೋ ಕೃತಕ ಹತ್ತಿಯದೋ ಆದ ಒಂದು ಉಬ್ಬು ಕೋಟು. ಪುಕ್ಕ ಬಲು ಹಗುರ, ಆದರೆ ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು. ಮಳೆಯ ಬೆಟ್ಟಕ್ಕೆ ಕೃತಕ ತುಂಬಿನದು ಲೇಸು. ತಲೆ, ಕಿವಿ, ಕೈಗಳಿಗೆ ಉಣ್ಣೆ ಇರಲಿ. ಅದರ ತೂಕ ಅತ್ಯಲ್ಪ, ಉಪಕಾರ ಬಹಳ.

ಇನ್ನು ತೊಡುವ ಕ್ರಮ. ಹೊರಡುವಾಗ ಸ್ವಲ್ಪ ಚಳಿಯೆನಿಸುವಂತೆಯೇ ಹೊರಡಿ. ಬೆವರು ಬರುವ ಮೊದಲು ಒಂದು ಪದರ ಕಳಚಿ, ನಡುಕ ಬರುವ ಮೊದಲು ಒಂದು ಪದರ ಏರಿಸಿ. ನಿಂತ ಕೂಡಲೇ ಉಬ್ಬು ಕೋಟು ತೊಡಿ, ಚಳಿಯಾದ ಮೇಲಲ್ಲ. ರಾತ್ರಿಗೆಂದು ಒಂದು ಜೊತೆ ಒಳ ಉಡುಪು ಮತ್ತು ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚೀಲದ ತಳದಲ್ಲಿಡಿ. ಎಂಥ ಆಸೆಯಾದರೂ ಹಗಲು ಅದನ್ನು ಮುಟ್ಟಬೇಡಿ. ಗಂಟಿನೊಳಗಿನ ಆ ಒಣಪಂಚೆಯ ಕೆಲಸ ಇದೇ.

ಹೀಗೆ ನೋಡಿದರೆ ನಮ್ಮ ಹಿರಿಯರ ಕಂಬಳಿಗೂ ನಿಮ್ಮ ಮೂರು ಪದರಗಳಿಗೂ ಇರುವ ಅಂತರ ತಿಳಿವಿನದಕ್ಕಿಂತ ಹೆಚ್ಚಾಗಿ ಅನುಕೂಲದ್ದು. ಒಂದೇ ಬಟ್ಟೆಯನ್ನು ಕೊಳ್ಳಬಲ್ಲವರಾಗಿದ್ದ ಅವರು ಎಲ್ಲ ಕೆಲಸವನ್ನೂ ಆ ಒಂದರಿಂದಲೇ ಮಾಡಿಸಿಕೊಂಡರು. ನೀವು ಆ ಕೆಲಸಗಳನ್ನು ಮೂರು ನಾಲ್ಕು ಬಟ್ಟೆಗಳಿಗೆ ಹಂಚಬಲ್ಲಿರಿ. ಹಂಚಿದ್ದರಿಂದ ತೂಕ ಇಳಿಯಿತು. ಆದರೆ ಯಾವಾಗ ತೊಡಬೇಕು, ಯಾವಾಗ ಕಳಚಬೇಕು ಎಂಬ ವಿವೇಕವನ್ನು ಯಾವ ಅಂಗಡಿಯೂ ಬಟ್ಟೆಯೊಳಗೆ ಹೊಲಿದು ಕೊಡುವುದಿಲ್ಲ. ಅದು ನಡೆದವರಿಂದ ಬರಬೇಕು. ಮುಂದಿನ ಶಿವರಾತ್ರಿಗೆ ಮಳವಳ್ಳಿಯ ದಾರಿಯಲ್ಲಿ ಪರಸೆ ಕಂಡರೆ, ಹಿರಿಯರೊಬ್ಬರ ಹೆಗಲ ಮೇಲಿನ ಗಂಟನ್ನು ಗಮನಿಸಿ, ಅದರಲ್ಲಿ ಏನೇನಿದೆ ಎಂದು ಕೇಳಿ. ಹಿಮಾಲಯಕ್ಕೆ ಹೊರಡುವ ಮೊದಲು ಕಲಿಯಬೇಕಾದ ಪಾಠದ ಮೊದಲ ಪುಟ ಅಲ್ಲಿದೆ.